ಆಲೆಮನೆಯ ಲೆಕ್ಕದ ಮೇಜು: ಊದಿದ ಹಾಟ್‌ಸ್ಪಾಟ್, ಬಾಡಿಗೆ ಬಿಲ್ಲಿಂಗ್, ಮೂರು ವಾರದ ರಿಪೇರಿ

ಜಾಗ: ಮಂಡ್ಯದಿಂದ ಮೇಲುಕೋಟೆ ಕಡೆಗೆ ಹೋಗುವ ದಾರಿಯ ಒಂದು ಆಲೆಮನೆ. ತಗಡಿನ ಚಾವಣಿ, 10 ಎಚ್‌ಪಿ ಮೋಟಾರಿನ ಗಾಣ, ಪಕ್ಕದಲ್ಲೇ ಲೆಕ್ಕ ಬರೆಯುವ ಪುಟ್ಟ ಕೋಣೆ. ಮೇಜಿನ ಮೇಲೆ ಹಳೆ ಲ್ಯಾಪ್‌ಟಾಪ್, ಅದರಲ್ಲಿ ಬಾಡಿಗೆ ಕಟ್ಟಿ ಬಳಸುವ ಬಿಲ್ಲಿಂಗ್ ಸಾಫ್ಟ್‌ವೇರ್, 58 ಮಿ.ಮೀ. ಥರ್ಮಲ್ ಪ್ರಿಂಟರ್, ಜೇಬಿನಲ್ಲಿ ಹಿಡಿಯುವಷ್ಟು ದೊಡ್ಡ 4ಜಿ ಹಾಟ್‌ಸ್ಪಾಟ್ ಡಬ್ಬಿ.

ದೂರು: ದಿನಕ್ಕೆ ಏಳೆಂಟು ಸಲ ನೆಟ್ ಹೋಗುತ್ತದೆ, ನೆಟ್ ಹೋದರೆ ಕಬ್ಬಿನ ತೂಕ, ಹಣ ಬರೆದ ಚೀಟಿ ಬರುವುದಿಲ್ಲ, ಕಬ್ಬು ತಂದವರು ಟ್ರ್ಯಾಕ್ಟರ್ ಆಫ್ ಮಾಡಿಕೊಂಡು ಕಾಯಬೇಕು.

ನೆಟ್ ಹೋಗುವುದು ಒಂದು ರೋಗ. ನೆಟ್ ಹೋದ ಕೂಡಲೆ ಚೀಟಿ ನಿಲ್ಲುವುದು ಬೇರೆಯೇ ರೋಗ. ಎರಡನ್ನೂ ಒಂದೇ ಎಂದುಕೊಂಡು ಶುರುಮಾಡಿದ್ದೇ ಮೊದಲ ತಪ್ಪು.

ನವೆಂಬರ್ 8: ಬಿಚ್ಚಿದ್ದು

ಡಬ್ಬಿಯ ಹಿಂದಿನ ಮುಚ್ಚಳ ತಾನಾಗಿಯೇ ಎದ್ದಿತ್ತು. ಒಳಗೆ ಬ್ಯಾಟರಿ ಹಪ್ಪಳದಂತೆ ಉಬ್ಬಿದೆ. ಎರಡು ಸೀಸನ್ ಹಗಲೂ ರಾತ್ರಿ ಚಾರ್ಜರಿಗೇ ಚುಚ್ಚಿಟ್ಟಿದ್ದಾರೆ, ಜೊತೆಗೆ ಒಲೆಯ ಕಾವು ಬೇರೆ. ಲಿಥಿಯಂ ಸೆಲ್ಲನ್ನು 4.2 ವೋಲ್ಟಿನಲ್ಲೇ ತುಂಬಿಸಿ ಬಿಸಿಯಲ್ಲಿ ಕೂರಿಸಿದರೆ ಒಳಗೆ ಅನಿಲ ಹುಟ್ಟುತ್ತದೆ, ಉಬ್ಬುತ್ತದೆ. ಹೊರಗೆ ತೆಗೆಯಲು ಪ್ಲಾಸ್ಟಿಕ್ ಚಮಚದ ಹಿಡಿ ಸಾಕು. ಸ್ಕ್ರೂಡ್ರೈವರ್ ಬೇಡ, ತೂತಾದರೆ ಬೆಂಕಿ. ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ, ಒಣ ಮರಳು ತುಂಬಿದ ಡಬ್ಬದಲ್ಲಿಟ್ಟು ಬಯಲಿನಲ್ಲಿ ಇಟ್ಟದ್ದಾಯಿತು. ಇಂಥದ್ದನ್ನು ಇ-ಕಸ ತೆಗೆದುಕೊಳ್ಳುವವರಿಗೆ ಕೊಡಬೇಕು. ರಚ್ಚಿನ (ಹಿಂಡಿದ ಕಬ್ಬಿನ ಸಿಪ್ಪೆಯ) ಜೊತೆ ಒಲೆಗೆ ಹೋಗಿಬಿಟ್ಟರೆ ಕೊಪ್ಪರಿಗೆಯ ಮುಂದೆ ನಿಂತವರ ಗತಿ ನೆನೆಸಿಕೊಳ್ಳುವುದೇ ಬೇಡ.

ಬದಲಿ ಬ್ಯಾಟರಿ ಆನ್‌ಲೈನಿನಲ್ಲಿ ₹380ಕ್ಕೆ ಸಿಕ್ಕಿತು. ಮೇಲೆ 3000 ಎಂಎಎಚ್ ಎಂದು ಅಚ್ಚಾಗಿದೆ. ತೂಗಿದರೆ 24 ಗ್ರಾಂ. ಹಳೆಯದು 2300 ಎಂಎಎಚ್, 42 ಗ್ರಾಂ. ಇದೇ ಜಾತಿಯ ಸೆಲ್ಲು ಅರ್ಧ ತೂಕದಲ್ಲಿ ಹೆಚ್ಚು ಕರೆಂಟ್ ಹಿಡಿಯಲಾರದು. ಹಾಕಿಯೂ ನೋಡದೆ ವಾಪಸ್ ಕಳಿಸಿದ್ದಾಯಿತು. ಬ್ಯಾಟರಿ ಕೊಳ್ಳುವಾಗ ಲೇಬಲ್ಲಿಗಿಂತ ತಕ್ಕಡಿಯನ್ನು ನಂಬಬೇಕು.

ನವೆಂಬರ್ 9: ಬ್ಯಾಟರಿ ಇಲ್ಲದೆ ಏಳಿಸುವುದು

ಯುಎಸ್‌ಬಿ ಮಾತ್ರ ಚುಚ್ಚಿದರೆ ದೀಪ ಒಮ್ಮೆ ಮಿನುಗಿ ಸಾಯುತ್ತದೆ. ಬ್ಯಾಟರಿ ಗೂಡಿನಲ್ಲಿ ಮೂರು ಟರ್ಮಿನಲ್: ಪ್ಲಸ್, ಮೈನಸ್, ಟಿ. ಈ ಟಿ ಎಂಬುದು ಬ್ಯಾಟರಿಯ ಶಾಖ ನೋಡುವ ತಂತಿ. ಹಳೆ ಬ್ಯಾಟರಿಯಲ್ಲಿ ಟಿ ಮತ್ತು ಮೈನಸ್ ನಡುವೆ ಮೀಟರ್ ಹಿಡಿದರೆ 10 ಕಿಲೊ ಓಮ್ ಹತ್ತಿರ ತೋರಿಸಿತು. ಆ ರೆಸಿಸ್ಟೆನ್ಸ್ ಕಾಣದಿದ್ದರೆ ಡಬ್ಬಿ ಏಳುವುದೇ ಇಲ್ಲ.

ಮೊದಲ ಪ್ರಯತ್ನ: ಹಳೆ ಬ್ಯಾಟರಿಯ ತಲೆಯಲ್ಲಿರುವ ರಕ್ಷಣಾ ಬೋರ್ಡನ್ನು ಕತ್ತರಿಸಿ, ಅದಕ್ಕೇ 4 ವೋಲ್ಟ್ ಕೊಟ್ಟದ್ದು. ಔಟ್‌ಪುಟ್ ಸೊನ್ನೆ. ಸೆಲ್ ಕಳಚಿದೊಡನೆ ಆ ಬೋರ್ಡಿನ ಐಸಿ (ಚಿಪ್) ಬಾಗಿಲು ಹಾಕಿಕೊಳ್ಳುತ್ತದೆ. ಸೆಲ್ ಕಡೆಯ ಮೈನಸ್ಸನ್ನೂ ಹೊರಗಿನ ಮೈನಸ್ಸನ್ನೂ ಚಿಮಟದಿಂದ ಒಂದು ಸೆಕೆಂಡ್ ಮುಟ್ಟಿಸಿದರೆ ತೆರೆಯುತ್ತದೆ; ಕರೆಂಟ್ ಹೋಗಿ ಬಂದರೆ ಮತ್ತೆ ಚಿಮಟ. ಉಪಯೋಗವಿಲ್ಲ. ಊದಿದ ಸೆಲ್ಲಿನ ಪಟ್ಟಿಗೆ ಕತ್ತರಿ ಹಾಕಿದ್ದೇ ತಪ್ಪು. ಯಾರೂ ಮಾಡಬೇಡಿ.

ಎರಡನೆಯದು: 5 ವೋಲ್ಟ್ ಅಡಾಪ್ಟರಿನ ಪ್ಲಸ್ ದಾರಿಯಲ್ಲಿ ಒಂದು 1ಎನ್5408 ಡಯೋಡ್, ಟಿ-ಮೈನಸ್ ನಡುವೆ 10 ಕಿಲೊ ಓಮ್ ರೆಸಿಸ್ಟರ್. ಡಯೋಡ್ ಸುಮಾರು 0.8 ವೋಲ್ಟ್ ತಿಂದು 4.2 ಉಳಿಸುತ್ತದೆ ಎಂಬ ಲೆಕ್ಕ. ಡಬ್ಬಿ ಎದ್ದಿತು, ವೈಫೈ ಕೊಟ್ಟಿತು, ಫೋಟೊ ಕಳಿಸಲು ಹೋದ ಕೂಡಲೆ ರೀಸ್ಟಾರ್ಟ್ ಆಯಿತು. ಲೋಡ್ ಬಿದ್ದಾಗ ಮೀಟರಿನಲ್ಲಿ 3.4. ಸಪೂರ ಯುಎಸ್‌ಬಿ ತಂತಿ ತನ್ನ ಪಾಲನ್ನೂ ತಿಂದಿತ್ತು.

ಮೂರನೆಯದು ಕೆಲಸಕ್ಕೆ ಬಂತು: 12 ವೋಲ್ಟ್ ಅಡಾಪ್ಟರ್, ವೋಲ್ಟ್ ಇಳಿಸುವ ಎಲ್‌ಎಂ2596 ಮಾಡ್ಯೂಲ್ (₹90), ಔಟ್‌ಪುಟ್ 4.05 ವೋಲ್ಟ್, ಅದರ ಬಾಯಲ್ಲೇ 2200 ಮೈಕ್ರೊಫ್ಯಾರಡ್ ಕೆಪಾಸಿಟರ್. ಮಾಡ್ಯೂಲ್ ಹೊಸದಾಗಿ ಬಂದಾಗ ಹೆಚ್ಚುಕಡಿಮೆ ಒಳಗೆ ಬಂದಷ್ಟನ್ನೇ ಹೊರಗೂ ಬಿಡುತ್ತಿತ್ತು. ಹಿತ್ತಾಳೆ ಸ್ಕ್ರೂ ಹತ್ತು ಹನ್ನೆರಡು ಸುತ್ತು ತಿರುಗಿದ ಮೇಲೆ ಇಳಿಯಲು ಶುರು. ಮೀಟರಿನಲ್ಲಿ 4.05 ಕಾಣುವ ತನಕ ಡಬ್ಬಿಗೆ ಜೋಡಿಸಬಾರದು. ಜೋಡಿಸಿದರೆ ಹನ್ನೆರಡು ವೋಲ್ಟ್ ನೇರ ಒಳಗೆ.

ಗೂಡಿಗೆ ಹಾಕಲು ಡಮ್ಮಿ ಬ್ಯಾಟರಿ: ಮಕ್ಕಳ ಪ್ಲಾಸ್ಟಿಕ್ ಸ್ಕೇಲನ್ನು ತುಂಡು ಮಾಡಿ, ಅಂಟಿಸಿ 62×44×5 ಮಿ.ಮೀ. ಮಾಡಿ, ಟರ್ಮಿನಲ್ ಬರುವ ಕಡೆ ಮೂರು ತಾಮ್ರದ ಪಟ್ಟಿ, ಪಟ್ಟಿಗಳಿಗೆ ಬೆಸುಗೆ. ಡಬ್ಬಿಯ ಸ್ಪ್ರಿಂಗಿಗೇ ಬೆಸುಗೆ ಹಾಕಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ಆದರೆ ನಾಳೆ ಅಸಲಿ ಬ್ಯಾಟರಿ ಸಿಕ್ಕರೆ ಹಾಕಲು ದಾರಿ ಇರುತ್ತಿರಲಿಲ್ಲ.

ಡಮ್ಮಿ ಒಳಗಿರುವಾಗ ಡಬ್ಬಿಯ ಯುಎಸ್‌ಬಿ ಬಾಯಿಗೆ ಚಾರ್ಜರ್ ಚುಚ್ಚಕೂಡದು. ಒಳಗಿನ ಚಾರ್ಜಿಂಗ್ ಐಸಿ ಅದನ್ನು ಬ್ಯಾಟರಿ ಎಂದುಕೊಂಡು ಎಲ್‌ಎಂ2596 ಕಡೆಗೆ ಕರೆಂಟ್ ನೂಕುತ್ತದೆ. ಹೇಳಿದರೆ ಮರೆಯುತ್ತಾರೆ. ಅದಕ್ಕೇ ಆ ಬಾಯಿಗೆ ಎಂಸೀಲ್ ಮೆತ್ತಿದ್ದಾಯಿತು.

ನವೆಂಬರ್ 10–11: ಸಿಗ್ನಲ್ಲು

ನೆಟ್‌ಮಾನ್‌ಸ್ಟರ್ ಆ್ಯಪ್ ಇರುವ ಫೋನಿಗೆ ಅದೇ ಸಿಮ್ ಹಾಕಿ ಅಳೆದದ್ದು. ಮೇಜಿನ ಮೇಲೆ ಆರ್‌ಎಸ್‌ಆರ್‌ಪಿ (ಟವರಿನ ಸಿಗ್ನಲ್ಲಿನ ಬಲ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಮೈನಸ್ 113, ಕಿಟಕಿಯ ಹೊರಗೆ ಮೈನಸ್ 98. ಫೋನಿನ ಗೆರೆಗಳನ್ನು ನಂಬಿ ಕೆಲಸ ಮಾಡಬಾರದು; ಎರಡೂ ಕಡೆ ಎರಡೇ ಗೆರೆ ತೋರಿಸುತ್ತಿತ್ತು. ಹದಿನೈದು ಡಿಬಿ ಎಂದರೆ ಮೂವತ್ತು ಪಟ್ಟಿಗೂ ಹೆಚ್ಚು ಅಂತರ. ತಗಡಿನ ಮಹಿಮೆ. ಹೊರಗಡೆ ಬ್ಯಾಂಡ್ 40, ಅಂದರೆ 2300 ಮೆಗಾಹರ್ಟ್ಸ್ ಸಿಗುತ್ತಿತ್ತು. ಒಳಗೆ ಬಂದರೆ ಬ್ಯಾಂಡ್ 5ಕ್ಕೆ, 850ಕ್ಕೆ ಇಳಿಯುತ್ತಿತ್ತು. ಗೋಡೆ ದಾಟುವುದರಲ್ಲಿ 850 ಗಟ್ಟಿ, ವೇಗದಲ್ಲಿ ಹಿಂದೆ.

ಇಲ್ಲಿ ಸಾವಿರ ರೂಪಾಯಿ ನೀರಿಗೆ ಹೋಯಿತು. ಡಬ್ಬಿಯಲ್ಲಿ ಹೊರಗಿನ ಆಂಟೆನಾಗೆ ತೂತು ಇದೆಯಲ್ಲ ಎಂದು ₹650ರ ಆಂಟೆನಾ, ₹350ರ 5 ಮೀಟರ್ ಆರ್‌ಜಿ174 ಕೇಬಲ್ ಬಂತು. ಆಂಟೆನಾ ಚಾವಣಿಯ ಮೇಲೆ, ಡಬ್ಬಿ ಮೇಜಿನ ಮೇಲೆ. ಏನೂ ಸುಧಾರಿಸಲಿಲ್ಲ. ಆಮೇಲೆ ಲೆಕ್ಕ ಹಾಕಿದರೆ, 2300 ಮೆಗಾಹರ್ಟ್ಸ್‌ನಲ್ಲಿ ಆ ಸಪೂರ ಕೇಬಲ್ ಐದು ಮೀಟರಿಗೆ 8–9 ಡಿಬಿ ನುಂಗುತ್ತದೆ. ಆಂಟೆನಾ ಕೊಡುವುದು, ಪೆಟ್ಟಿಗೆಯ ಮೇಲೆ ಬರೆದದ್ದು ನಿಜವೇ ಆಗಿದ್ದರೂ, 5 ಡಿಬಿ. ಕೇಬಲ್ ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ.

ಸರಿಯಾದ ದಾರಿ ಆಂಟೆನಾವನ್ನಲ್ಲ, ಡಬ್ಬಿಯನ್ನೇ ಹೊರಗೆ ಕಳಿಸುವುದು. ₹140ರ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್, ಉತ್ತರದ ಸೂರಿನ ಕೆಳಗೆ ಜಿಐ ಪೈಪಿಗೆ ಕಟ್ಟಿದ್ದು, ಕಿಟಕಿಗೆ ನೇರ ಎದುರು. ವೈಫೈ ಕಿಟಕಿಯಿಂದ ಒಳಗೆ ಬರುತ್ತದೆ, ಎಂಟು ಮೀಟರ್ ಅದಕ್ಕೆ ಲೆಕ್ಕವಲ್ಲ. ಎಲ್‌ಎಂ2596 ಕೂಡ ಆ ಬಾಕ್ಸಿನೊಳಗೇ ಇರಬೇಕು. ಕೋಣೆಯಲ್ಲೇ 4 ವೋಲ್ಟಿಗೆ ಇಳಿಸಿ ಉದ್ದ ತಂತಿಯಲ್ಲಿ ಕಳಿಸಿದರೆ ದಾರಿಯಲ್ಲೇ ಕರಗುತ್ತದೆ: 24 ಗೇಜಿನ ತಂತಿ 10 ಮೀಟರ್ ಹೋಗಿ ಬಂದರೆ 1.7 ಓಮ್, ಒಂದು ಆಂಪಿಗೆ 1.7 ವೋಲ್ಟ್ ನಷ್ಟ. ಹನ್ನೆರಡು ವೋಲ್ಟನ್ನು 0.75 ಚದರ ಮಿ.ಮೀ. ತಂತಿಯಲ್ಲಿ ಕಳಿಸಿದರೆ ಹೋಗುವ ಆಂಪೇ 0.4, ನಷ್ಟ ಕಾಲು ವೋಲ್ಟೂ ಇಲ್ಲ. ತಂತಿ 12 ಮೀಟರ್, ₹300.

ನವೆಂಬರ್ 12: ಆದರೂ ನೆಟ್ ಹೋಗುತ್ತದೆ

ಮೈನಸ್ 98 ಸಿಗ್ನಲ್ ಇದೆ, ವೋಲ್ಟ್ ಸರಿ ಇದೆ, ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಡಬ್ಬಿ ಮೂರು ಸಲ ರೀಸ್ಟಾರ್ಟ್ ಆಗಿದೆ. ಸಿಮ್ ಬದಲಿಸಿದ್ದು, ಎಪಿಎನ್ (ನೆಟ್‌ ಜೋಡಣೆಯ ಸೆಟ್ಟಿಂಗ್) ತಿದ್ದಿದ್ದು, ಫ್ಯಾಕ್ಟರಿ ರೀಸೆಟ್ ಮಾಡಿದ್ದು ಎಲ್ಲ ದಂಡ. ಕಾರಣ ಹೇಳಿದ್ದು ಗಾಣಕ್ಕೆ ಕಬ್ಬು ಕೊಡುವ ಹುಡುಗ: “ಗಾಣ ಸುರು ಮಾಡ್ದಾಗ್ಲೆಲ್ಲ ಹೋಯ್ತದೆ ಕಣಣ್ಣ, ನೀವು ನೋಡೇ ಇಲ್ವಾ?”

ನೋಡಿರಲಿಲ್ಲ. ಮೀಟರನ್ನು ಕನಿಷ್ಠ ಹಿಡಿಯುವ ಮೋಡಿನಲ್ಲಿಟ್ಟು ಗಾಣ ಶುರುಮಾಡಿಸಿದರೆ 214 ವೋಲ್ಟಿದ್ದದ್ದು 148ಕ್ಕೆ ಕುಸಿದು, ಎರಡು ಮೂರು ಸೆಕೆಂಡಿಗೆ ಮೇಲೆದ್ದಿತು. ಅಡಾಪ್ಟರಿನ ಬೆನ್ನ ಮೇಲೆ 180–260 ವೋಲ್ಟ್ ಎಂದು ಬರೆದಿದೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುವುದರಿಂದ ಅದು ಅಲುಗಲಿಲ್ಲ, ಹಾಗಾಗಿ ಯಾರಿಗೂ ಅನುಮಾನವೇ ಬರಲಿಲ್ಲ. ಹಳೆ ಬ್ಯಾಟರಿ ಸತ್ತ ದಿನದಿಂದಲೂ ಇದೇ ಆಗುತ್ತಿದ್ದಿರಬೇಕು.

ಕೆಪಾಸಿಟರ್ ದೊಡ್ಡದು ಮಾಡಿದರೆ? 2200 ಮೈಕ್ರೊಫ್ಯಾರಡ್, ಅರ್ಧ ವೋಲ್ಟ್ ಇಳಿಯಲು ಬಿಟ್ಟರೆ, ಒಂದು ಆಂಪಿಗೆ 1.1 ಮಿಲಿಸೆಕೆಂಡ್ ತಡೆಯುತ್ತದೆ. ಬೇಕಾಗಿರುವುದು ಮೂರು ಸೆಕೆಂಡ್. ಬ್ಯಾಟರಿಯೇ ಆಗಬೇಕು.

12 ವೋಲ್ಟ್ 7 ಆಂಪ್‌ಅವರ್ ಸೀಲ್ಡ್ ಬ್ಯಾಟರಿ, ₹1,050. ಅದಕ್ಕೆ 13.8 ವೋಲ್ಟಿನ ಫ್ಲೋಟ್ ಚಾರ್ಜರ್, ₹450. ಚಾರ್ಜರ್, ಬ್ಯಾಟರಿ, ಬಾಕ್ಸಿಗೆ ಹೋಗುವ ತಂತಿ ಮೂರೂ ಸಮಾನಾಂತರ. ಬ್ಯಾಟರಿಯ ಪ್ಲಸ್ಸಿನ ಬುಡದಲ್ಲೇ 2 ಆಂಪ್ ಫ್ಯೂಸ್. ಫ್ಯೂಸನ್ನು ತಂತಿಯ ಆ ತುದಿಗೆ ಹಾಕಿದರೆ ನಡುವೆ ಇಲಿ ಕಡಿದಾಗ ಕಾಯುವವರಿಲ್ಲ. ಡಬ್ಬಿ ಸರಾಸರಿ 3 ವ್ಯಾಟ್ ಎಳೆಯುತ್ತದೆ. ಬ್ಯಾಟರಿಯಲ್ಲಿ 84 ವ್ಯಾಟ್‌ಅವರ್, ಆಯುಸ್ಸಿನ ದೃಷ್ಟಿಯಿಂದ ಅರ್ಧ ಮಾತ್ರ ಬಳಸಿದರೂ 14 ಗಂಟೆ. ಆಮೇಲೆ ಗಾಣ ಎಷ್ಟು ಸಲ ನಿಂತು ಶುರುವಾದರೂ ನೆಟ್ ಅಲುಗಿಲ್ಲ.

ನವೆಂಬರ್ 14: ಇರುವೆ

ಬೆಚ್ಚಗಿನ ಡಬ್ಬಿ, ಸುತ್ತ ಬೆಲ್ಲದ ಗಾಳಿ. ಎರಡೇ ದಿನದಲ್ಲಿ ಬಾಕ್ಸಿನೊಳಗೆ ಕೆಂಪಿರುವೆಯ ಊರು. ಗಾಳಿಗೆಂದು ತಳದಲ್ಲಿ ಕೊರೆದ ನಾಲ್ಕು 6 ಮಿ.ಮೀ. ತೂತೇ ಹೆಬ್ಬಾಗಿಲು. ಸೊಳ್ಳೆ ಪರದೆಯ ತುಂಡು ಅಂಟಿಸಿದರೂ ತಂತಿ ಬರುವ ಸಂದಿಯಿಂದ ನುಗ್ಗಿದವು. ಇರುವೆ ಚಾಕ್ ಇಬ್ಬನಿಗೆ ಒಂದೇ ರಾತ್ರಿಯಲ್ಲಿ ಅಳಿಸಿತು. ಕಡೆಗೆ ನಿಂತದ್ದು ಗಾಣದ ಬೇರಿಂಗಿನ ಗ್ರೀಸು: ಪೈಪಿಗೆ ಒಂದು ಗೇಣು ಅಗಲ, ತಂತಿಗೆ ಎರಡು ಬೆರಳು ಅಗಲ. ವಾರಕ್ಕೊಮ್ಮೆ ಒರೆಸಿ ಹೊಸದು ಹಚ್ಚಬೇಕು. ಹಾರಿಬಂದ ಬೂದಿ ಕೂತರೆ ಇರುವೆಗೆ ಸೇತುವೆ.

ನವೆಂಬರ್ 16: ಎರಡನೆಯ ರೋಗ

ನೆಟ್ ಮೂರು ದಿನ ಕಡಿಯದೆ ಉಳಿದ ಮೇಲೆ ಬೇಕೆಂದೇ ಸಿಮ್ ಹೊರತೆಗೆದು ಬಿಲ್ಲಿಂಗ್ ತೆರೆದದ್ದು. ಹಳೆ ಚೀಟಿ ಕಾಣುತ್ತವೆ, ಹೊಸ ಚೀಟಿಯ ಬಟನ್ ಮಸುಕಾಗಿದೆ. ಪ್ರತಿ ಸಲವೂ ಬಾಡಿಗೆ ಚಾಲ್ತಿಯಲ್ಲಿದೆಯೇ ಎಂದು ಸರ್ವರನ್ನು ಕೇಳಿಯೇ ಮುಂದೆ ಹೋಗುತ್ತದೆ. ವರ್ಷಕ್ಕೆ ₹4,800. ಆಲೆಮನೆ ನಡೆಯುವುದು ಏಳೆಂಟು ತಿಂಗಳು, ಬಾಡಿಗೆ ಹನ್ನೆರಡಕ್ಕೂ. ಸಿಮ್ಮಿನದ್ದು ಇನ್ನೂ ಸೊಗಸು: 28 ದಿನದ ರೀಚಾರ್ಜ್ ಎಂದರೆ ವರ್ಷಕ್ಕೆ ಹದಿಮೂರು ತಿಂಗಳು.

ಬಾಡಿಗೆ ಸಾಫ್ಟ್‌ವೇರ್ ಎಲ್ಲ ಕಡೆಯೂ ಮೋಸವಲ್ಲ. ತೆರಿಗೆಯ ನಿಯಮ ಬದಲಾಗುತ್ತಲೇ ಇರುವ ಕಡೆ ಅಪ್‌ಡೇಟಿಗೆ ದುಡ್ಡು ಕೊಡುವುದು ನ್ಯಾಯವೇ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 5% ಜಿಎಸ್‌ಟಿ ಬಂದಾಗ, ಬ್ರ್ಯಾಂಡ್ ಮಾಡಿ ಮಾರುವವರ ಬಿಲ್ಲು ಬದಲಾಗಲೇಬೇಕಾಯಿತು. ಈ ಆಲೆಮನೆ ಮಾರುವುದು ಬಿಡಿ ಅಚ್ಚು, ಬಿಡಿ ಬಕೆಟ್ ಬೆಲ್ಲ. ಇಲ್ಲಿನ ಚೀಟಿ ಎಂದರೆ ತೂಕ ಗುಣಿಸು ದರ, ಅದರಲ್ಲಿ ಮುಂಗಡ ಕಳೆ. 6.42 ಟನ್, ಟನ್ನಿಗೆ 3,100, ಒಟ್ಟು 19,902, ಮುಂಗಡ 6,000 ಹೋಗಿ ಕೈಗೆ 13,902. ಅಜ್ಜನ ಕಾಲದ ಈ ಲೆಕ್ಕಕ್ಕೆ ವರ್ಷವರ್ಷ ಬಾಡಿಗೆ ಯಾಕೆ?

ಟ್ಯಾಲಿ ಪ್ರೈಮಿನಂಥದ್ದರಲ್ಲಿ ಬಾಡಿಗೆ ಲೈಸೆನ್ಸೂ ಇದೆ, ಒಮ್ಮೆ ಕೊಂಡು ಇಟ್ಟುಕೊಳ್ಳುವುದೂ ಇದೆ. ಕೊಂಡದ್ದು ನವೀಕರಣ ಮಾಡಿಸದಿದ್ದರೂ ನಡೆಯುತ್ತದೆ, ಅಪ್‌ಡೇಟ್ ಮಾತ್ರ ನಿಲ್ಲುತ್ತದೆ. ಅಂಗಡಿ, ಗೋದಾಮು ಇದ್ದವರಿಗೆ ಅದು ಸರಿ. ಇಲ್ಲಿಗೆ ಲಿಬ್ರೆ ಆಫೀಸಿನ ಕ್ಯಾಲ್ಕ್ (ಎಕ್ಸೆಲ್‌ನಂಥ ಉಚಿತ ಸಾಫ್ಟ್‌ವೇರ್) ಸಾಕು ಎಂದು ತೀರ್ಮಾನ. ಇನ್ನೊಂದು ಮಾತು: ಕೊಂಡದ್ದೂ ಶಾಶ್ವತವಲ್ಲ. ಆ ಲ್ಯಾಪ್‌ಟಾಪಿನ ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿತ್ತು. ಹಾಗಾಗಿ ಲಿನಕ್ಸ್ ಮಿಂಟ್ ಹಾಕಿದ್ದು, ಕೀಬೋರ್ಡ್ ಪಟ್ಟಿಯಿಂದ ಕಗಪ ವಿನ್ಯಾಸ ಆರಿಸಿದ್ದು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿಯಿದ್ದ ಕೈಗೆ ಹೊಸದೇನೂ ಕಲಿಯಬೇಕಾಗಲಿಲ್ಲ.

ನವೆಂಬರ್ 17–21: ಹಳೆ ಲೆಕ್ಕ ಹೊರತರುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಇದು.

ಪಿಡಿಎಫ್ ರಿಪೋರ್ಟಿನಿಂದ ಕಾಪಿ ಮಾಡಿದರೆ ಸಾಲುಗಳು ಒಂದರೊಳಗೊಂದು ನುಗ್ಗಿದವು. ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಠ್ಯ) ತೆಗೆದರೆ ಕನ್ನಡದ ಹೆಸರೆಲ್ಲ ಪ್ರಶ್ನೆ ಚಿಹ್ನೆಗಳ ಸಾಲು. ಆ ಸಾಫ್ಟ್‌ವೇರ್ ಸಿಎಸ್‌ವಿಯನ್ನು ಯುನಿಕೋಡಿನಲ್ಲಿ ಬರೆಯುವುದೇ ಇಲ್ಲ. ಎಕ್ಸೆಲ್ ರೂಪದಲ್ಲಿ ತೆಗೆದಾಗ ಹೆಸರು ಉಳಿದವು. ಬಾಡಿಗೆ ಮುಗಿಯುವ ಮೊದಲೇ ಇದನ್ನು ಮಾಡಿಕೊಳ್ಳಬೇಕು. ಮುಗಿದ ಮೇಲೆ ಎಕ್ಸ್‌ಪೋರ್ಟ್ ಬಟನ್ನೂ ಮಸುಕಾಗುತ್ತದೆ.

ಬ್ಯಾಂಕ್ ಖಾತೆ ನಂಬರಿನ ಮುಂದಿನ ಸೊನ್ನೆಗಳು ಹಾರಿಹೋಗಿದ್ದವು, ಕ್ಯಾಲ್ಕ್ ಅದನ್ನು ಸಂಖ್ಯೆ ಎಂದುಕೊಂಡಿತ್ತು. ಒಳಗೆ ತರುವಾಗಲೇ ಆ ಕಂಬಸಾಲಿಗೆ ‘ಪಠ್ಯ’ ಎಂದು ಕೊಡಬೇಕು. ಆಮೇಲೆ ಫಾರ್ಮ್ಯಾಟ್ ಬದಲಿಸಿದರೆ ಹೋದ ಸೊನ್ನೆ ಬರುವುದಿಲ್ಲ. ದಿನಾಂಕದ್ದೂ ಹಾಗೇ: ಲೊಕೇಲ್ (ದೇಶ-ಭಾಷೆಯ ಸೆಟ್ಟಿಂಗ್) ಅಮೆರಿಕದ್ದಾಗಿತ್ತು, 3/4 ಎಂದು ಹೊಡೆದರೆ ಏಪ್ರಿಲ್ 3 ಹೋಗಿ ಮಾರ್ಚ್ 4 ಆಯಿತು. 12ನೇ ತಾರೀಖಿನ ನಂತರದವು ದಿನಾಂಕವೇ ಅಲ್ಲವೆಂದು ಎಡಕ್ಕೆ ಅಂಟಿಕೊಂಡಿದ್ದರಿಂದ ಪತ್ತೆಯಾಯಿತು. ಇಂಗ್ಲಿಷ್ (ಭಾರತ) ಆರಿಸಿ ಎಲ್ಲ ಮತ್ತೆ ತಂದದ್ದಾಯಿತು.

ಅದಕ್ಕೂ ಹಿಂದಿನ ಪಟ್ಟಿ ನುಡಿಯ ಹಳೆ ಆಸ್ಕಿ ಫಾಂಟಿನಲ್ಲಿತ್ತು. ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಬಂದಂತೆ ಕಾಣುತ್ತದೆ. ಯುನಿಕೋಡಿಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ದೀರ್ಘ ಎರಡನ್ನೂ ಕಣ್ಣಿಟ್ಟು ನೋಡಬೇಕು. ಇಲ್ಲಿ ಒಬ್ಬ ಶಿವಲಿಂಗೇಗೌಡರು ಶಿವಲಿಂಗೆಗೌಡ ಆಗಿ, ಹೊಸ ಹಾಳೆಯಲ್ಲಿ ಎರಡು ಖಾತೆಯ ಯಜಮಾನರಾಗಿದ್ದರು.

ಹಾಳೆಗಳು ನಾಲ್ಕು: ರೈತರು, ತೂಕ, ಮುಂಗಡ, ಚೀಟಿ. ದೊಡ್ಡ ತಪ್ಪು ಆದದ್ದು ಚೀಟಿಯಲ್ಲಿ. ವಿಲುಕಪ್ ಸೂತ್ರ ಹೆಸರಿನ ಮೇಲೆ ಹುಡುಕುವಂತೆ ಬರೆದಿತ್ತು. ಪಟ್ಟಿಯಲ್ಲಿ ಇಬ್ಬರು ರಾಮಣ್ಣ. ಒಬ್ಬರು ತೆಗೆದುಕೊಂಡಿದ್ದ ₹6,000 ಮುಂಗಡ ಇನ್ನೊಬ್ಬರ ಚೀಟಿಯಲ್ಲಿ ಕಳೆದುಹೋಯಿತು. “ನಾನ್ಯಾವಾಗ ಈಸ್ಕಂಡೆ ಸ್ವಾಮಿ?” ಎಂದು ಕೇಳಿದ್ದರಿಂದ ದುಡ್ಡು ಕೊಡುವ ಮೊದಲೇ ಸಿಕ್ಕಿಬಿದ್ದಿತು. ಈಗ ಪ್ರತಿ ರೈತರಿಗೂ ಒಂದು ನಂಬರ್, ಹುಡುಕಾಟ ನಂಬರಿನ ಮೇಲೆ, ಸೂತ್ರದ ಕೊನೆಗೆ ಸೊನ್ನೆ. ಆ ಸೊನ್ನೆ ಬಿಟ್ಟರೆ ಸರಿಯಾದ ನಂಬರ್ ಸಿಗದಾಗ ಹತ್ತಿರದ್ದನ್ನು ತಂದು ಕೂರಿಸುತ್ತದೆ, ತಪ್ಪು ಎಂದು ಹೇಳುವುದೂ ಇಲ್ಲ.

ನವೆಂಬರ್ 23: ಒತ್ತಕ್ಷರ

58 ಮಿ.ಮೀ. ಕಾಗದದಲ್ಲಿ ಅಚ್ಚಾಗುವ ಅಗಲ 48 ಮಿ.ಮೀ., 384 ಚುಕ್ಕಿ. ಪ್ರಿಂಟರಿನ ಸ್ವಂತ ಅಕ್ಷರಗಳಲ್ಲಿ ಕನ್ನಡ ಇಲ್ಲ, ಚಿತ್ರವಾಗಿಯೇ ಕಳಿಸಬೇಕು. ಲಿನಕ್ಸಿನಲ್ಲಿ ಝಡ್‌ಜೆ-58 ಡ್ರೈವರ್ ಹಾಕಿದರೆ ಆ ಕೆಲಸ ಅದೇ ಮಾಡುತ್ತದೆ.

ಮೊದಲ ಚೀಟಿಯಲ್ಲಿ ‘ಕಬ್ಬು’ ಹೋಗಿ ‘ಕಬು’, ‘ಬೆಲ್ಲ’ ಹೋಗಿ ‘ಬೆಲ’. ಸಾಲಿನ ಎತ್ತರ ಇಂಗ್ಲಿಷಿಗೆ ಹೊಂದಿಸಿದ್ದರಿಂದ ಕೆಳಗಿನ ಒತ್ತನ್ನು ಮುಂದಿನ ಸಾಲು ಕೊಯ್ದುಹಾಕಿತ್ತು. ಅಕ್ಷರ ಚಿಕ್ಕದು ಮಾಡಿದರೆ ಒತ್ತು ಬಂತು, ಆದರೆ ಮಸಿ ತುಂಬಿ ಬ, ಲ ಬೇರೆ ಬೇರೆ ಎಂದು ತಿಳಿಯದು. ನೋಟೊ ಸ್ಯಾನ್ಸ್ ಕನ್ನಡ, 10 ಪಾಯಿಂಟ್, ಮಾಮೂಲಿ ದಪ್ಪ, ಸಾಲಿನ ಎತ್ತರ ಫಾಂಟಿನ ಒಂದೂವರೆ ಪಟ್ಟು, ಇದು ಸರಿಹೋಯಿತು. ದಪ್ಪಕ್ಷರವನ್ನು ಕೊನೆಯ ಮೊತ್ತಕ್ಕೆ ಮಾತ್ರ.

ಸಂಜೆ ಬೀಗ ಹಾಕುವ ಮೊದಲು ಕಡತದ ಒಂದು ಪ್ರತಿ ಪೆನ್‌ಡ್ರೈವಿಗೆ. ಎರಡು ಪೆನ್‌ಡ್ರೈವ್, ಸಮದಿನಕ್ಕೊಂದು ಬೆಸದಿನಕ್ಕೊಂದು. ಒಂದು ಮನೆಗೆ ಹೋಗುತ್ತದೆ. ಒಂದೇ ಪೆನ್‌ಡ್ರೈವಿಟ್ಟು ಅದನ್ನು ಲ್ಯಾಪ್‌ಟಾಪಿಗೇ ಚುಚ್ಚಿಟ್ಟಿದ್ದರು ಮೊದಲು. ಅದು ಬ್ಯಾಕಪ್ ಅಲ್ಲ.

ನವೆಂಬರ್ 29: ಸಿಮ್ ಇಲ್ಲದ ದಿನ

ಬೆಳಗ್ಗೆ ಆರಕ್ಕೆ ಸಿಮ್ ತೆಗೆದು ಮೇಜಿನ ಖಾನೆಯಲ್ಲಿ ಹಾಕಿದ್ದು, ಸಂಜೆ ಏಳಕ್ಕೆ ವಾಪಸ್. ನಡುವೆ 31 ಚೀಟಿ, ಎರಡು ಸಲ ಕರೆಂಟ್ ಹೋಯಿತು. ನೆಟ್ ಇಲ್ಲದ್ದಕ್ಕೆ ನಿಂತ ಕೆಲಸ ಎರಡೇ: ಖಾತೆಗೆ ದುಡ್ಡು ಹಾಕುವುದು, ಕೃಷಿ ಮಾರಾಟ ವಾಹಿನಿಯಲ್ಲಿ ಆ ದಿನದ ಬೆಲ್ಲದ ಧಾರಣೆ ನೋಡುವುದು. ಎರಡನ್ನೂ ಸಂಜೆ ಮಾಡಿದರು.

ಖರ್ಚು: ಮಾಡ್ಯೂಲ್ 90, ಬ್ಯಾಟರಿ 1,050, ಚಾರ್ಜರ್ 450, ಬಾಕ್ಸ್ 140, ತಂತಿ 300, ಫ್ಯೂಸ್ 30, ರೆಸಿಸ್ಟರ್ ಕೆಪಾಸಿಟರ್ 25, ಒಟ್ಟು ₹2,085. ದಂಡವಾದ ಆಂಟೆನಾ, ಕೇಬಲ್ ಸೇರಿದರೆ ₹3,085. ಬಾಡಿಗೆ ಬಿಲ್ಲಿಂಗ್ ಫೆಬ್ರವರಿಗೆ ಮುಗಿಯುತ್ತದೆ. ಅಲ್ಲಿಯ ತನಕ ಎರಡರಲ್ಲೂ ಚೀಟಿ ಮಾಡಿ ವಾರಕ್ಕೊಮ್ಮೆ ಮೊತ್ತ ತಾಳೆ ನೋಡಬೇಕು.

ಬಾಕಿ: ಮಧ್ಯಾಹ್ನ ಎರಡಕ್ಕೆ ಬಾಕ್ಸಿನ ಒಳಗೆ 51 ಡಿಗ್ರಿ. ಇದು ನವೆಂಬರ್. ಮಾರ್ಚಿಗೆ ಮೇಲೊಂದು ಥರ್ಮೊಕೋಲ್ ಹೊದಿಕೆ ಹಾಕಬೇಕು, ಇಲ್ಲವೇ ಬಾಕ್ಸನ್ನು ಪಕ್ಕದ ಹೊಂಗೆ ಮರದ ನೆರಳಿಗೆ ಸರಿಸಬೇಕು. ಮರ ಕಿಟಕಿಗೆ ನೇರ ಇಲ್ಲ, ವೈಫೈ ಗೋಡೆ ದಾಟಬೇಕಾಗುತ್ತದೆ. ಅಳೆದು ನೋಡಬೇಕು.